ದಿವಾನರ ಪಾದಸೇವೆ

ಬೆಕ್ಕಿಗೆ ಮಾತ್ರೆ ನುಂಗಿಸಲು ಹೋಗಿ ತಾವೇ ನುಂಗಿದವರು, ನಾಯಿಗೆ ಸ್ನಾನ ಮಾಡಿಸಿ ಕೊನೆಗೆ ತಾವೊಬ್ಬರೇ ಒದ್ದೆಯಾಗಿ ನಿಂತವರು, ಹಸುವಿಗೆ ಗೊಟ್ಟದಲ್ಲಿ ಔಷಧಿ ಹೊಯ್ಯಲು ಹೋಗಿ ಗೊಟ್ಟ ಸಮೇತ ಗೊಬ್ಬರದ ಗುಂಡಿ ಸೇರಿದವರು ದಯವಿಟ್ಟು ಮುಂದಿನ ಬೆಂಚಿಗೆ ಬನ್ನಿ. ನೀವೆಲ್ಲ ನನ್ನ ಬಂಧುಗಳು. ಇಂಥದ್ದೇನೂ ಅನುಭವಿಸದ ಪುಣ್ಯವಂತರು ಹಿಂದಿನ ಬೆಂಚಿನಲ್ಲಿ ಕೂತು ನಗಬಹುದು. ನಿಮ್ಮ ಸರದಿಯೂ ಬರುತ್ತದೆ, ಅವಸರವಿಲ್ಲ.

ನಾನು ತೀರ್ಥಹಳ್ಳಿ ಕಡೆಯ ನಿವೃತ್ತ ವಿಜ್ಞಾನ ಮೇಷ್ಟ್ರು. ಸರ್ವಿಸಿನ ಉದ್ದಕ್ಕೂ ನಾನು ಕೂಡಿಟ್ಟದ್ದು ಎರಡೇ: ಒಂದು ಪಿಂಚಣಿ, ಇನ್ನೊಂದು ಮರ್ಯಾದೆ. ಪೇಟೆಗೆ ಹೋದರೆ ಅಂಗಡಿ ಅಂಗಡಿಯಲ್ಲೂ ಹಳೇ ವಿದ್ಯಾರ್ಥಿಗಳು ಎದ್ದು ನಿಲ್ಲುತ್ತಿದ್ದರು. ಪಿಂಚಣಿ ಈಗಲೂ ಬರುತ್ತಿದೆ. ಎರಡನೆಯದನ್ನು ಮಾತ್ರ ಒಂದು ಮುದಿ ಹೆಬ್ಬಾತಿನ ಕಾಲಿಗೆ ಪೂರ್ತಿ ಸುರಿದಾಯಿತು.

ಹೆಬ್ಬಾತಿನ ಹೆಸರು ದಿವಾನರು. ಬೆಳ್ಳಗಿನ ಮೈ, ಎತ್ತಿದ ಕತ್ತು, ಕೊಕ್ಕಿನ ಬುಡದಲ್ಲಿ ಕಿತ್ತಳೆ ಬಣ್ಣದ ಗುಬುಟು. ಕಚೇರಿ ತಪಾಸಣೆಗೆ ಹೊರಟ ಮೈಸೂರು ಸಂಸ್ಥಾನದ ದಿವಾನರ ಹಾಗೆ ಅಂಗಳದಲ್ಲಿ ಓಡಾಡುತ್ತಿದ್ದುದರಿಂದ ಆ ಹೆಸರು ಬಂತು. ಅವರನ್ನು ಏಕವಚನದಲ್ಲಿ ಕರೆಯಲು ನಮ್ಮ ಮನೆಯಲ್ಲಿ ಯಾರಿಗೂ ಧೈರ್ಯವಾಗಲಿಲ್ಲ. ಹೆಬ್ಬಾತು ಇದ್ದ ಕಡೆ ಹಾವು ಸುಳಿಯುವುದಿಲ್ಲ ಎಂಬ ಊರಿನ ನಂಬಿಕೆಯನ್ನು ನಂಬಿ, ಅಡಿಕೆ ಕಾಯಲಿಕ್ಕೂ ಆಯಿತು ಎಂದುಕೊಂಡು ಸಂತೆಯಿಂದ ಜೋಡಿ ಮರಿ ತಂದಿದ್ದೆ. ಹೆಂಡತಿ ಅನುಮಾನಪಟ್ಟಾಗ ನಾನು ಇತಿಹಾಸದ ಪಾಠವನ್ನೇ ತೆಗೆದೆ. ಕ್ರಿ.ಪೂ. 390ರ ಸುಮಾರಿಗೆ ಗಾಲರು ರಾತ್ರೋರಾತ್ರಿ ರೋಮಿನ ಕ್ಯಾಪಿಟೋಲಿನ್ ಗುಡ್ಡ ಹತ್ತಿದಾಗ ನಾಯಿಗಳು ಸುಮ್ಮನಿದ್ದವಂತೆ, ಜುನೋ ದೇವಿಯ ಗುಡಿಯ ಹೆಬ್ಬಾತುಗಳು ಕೂಗಿ ಊರು ಉಳಿಸಿದವಂತೆ, ಲಿವಿ ಬರೆದಿದ್ದಾನೆ ಎಂದೆ. ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ 1959ರಿಂದ ದಶಕಗಟ್ಟಲೆ ವಿಸ್ಕಿಯ ಗೋದಾಮು ಕಾದದ್ದೂ ಇವುಗಳೇ ಎಂದೆ. ಅವಳು ಮೊರ ಕೊಡವುತ್ತಾ, “ನಮ್ಮಲ್ಲಿ ರೋಮೂ ಇಲ್ಲ, ವಿಸ್ಕಿಯೂ ಇಲ್ಲ. ಇರೋದು ನಾಲ್ಕು ಮೂಟೆ ಅಡಿಕೆ” ಎಂದಳು.

ಆ ನಾಲ್ಕು ಮೂಟೆಯನ್ನು ದಿವಾನರು ಅಂಚೆಯವರಿಂದ, ಗ್ಯಾಸ್ ಸಿಲಿಂಡರಿನವರಿಂದ ಮತ್ತು ನನ್ನ ಭಾವಮೈದುನನಿಂದ ನಿಷ್ಠೆಯಿಂದ ಕಾಪಾಡಿದರು. ಮಂಗಗಳು ಬಂದಾಗ ಮಾತ್ರ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ಇರಲಿ, ಅದು ಇಲಾಖೆಗಳ ನಡುವಿನ ವಿಚಾರ. ಸಂತೆಯವ ನನಗೆ ಹೇಳದೇ ಬಿಟ್ಟ ಒಂದು ಸಂಗತಿಯಿತ್ತು: ಚೆನ್ನಾಗಿ ನೋಡಿಕೊಂಡರೆ ಹೆಬ್ಬಾತುಗಳು ಇಪ್ಪತ್ತು ವರ್ಷವನ್ನೂ ದಾಟುತ್ತವೆ. ಮಗ ಹೈಸ್ಕೂಲು ಮುಗಿಸಿ, ಎಂಜಿನಿಯರಾಗಿ, ಬೆಂಗಳೂರು ಸೇರಿ, ಮದುವೆಯಾಗಿ, ಅವನ ತಲೆಗೂದಲು ಉದುರಲು ಶುರುವಾದರೂ ದಿವಾನರು ಅಂಗಳದಲ್ಲೇ ಅಧಿಕಾರದಲ್ಲಿದ್ದರು.

ಹೀಗಿರಲು ತಮ್ಮ ಹದಿನೆಂಟನೇ ವಯಸ್ಸಿನಲ್ಲಿ, ಮಳೆಗಾಲಕ್ಕೆ ಮುಂಚೆ ಒಂದು ಬೆಳಿಗ್ಗೆ, ದಿವಾನರು ಕುಂಟಿದರು. ಮುಟ್ಟಿದರೆ ಮೈ ಸುಡುತ್ತಿತ್ತು. ವಿಜ್ಞಾನದ ಮೇಷ್ಟ್ರು ಸುಮ್ಮನಿರಲು ಸಾಧ್ಯವೇ? ರಾತ್ರಿ ಥರ್ಮಾಮೀಟರು ಇಟ್ಟು ನೋಡಿದೆ. ಎಲ್ಲಿಟ್ಟೆ ಎಂದು ಕೇಳಬೇಡಿ, ಬಾಯಲ್ಲಂತೂ ಅಲ್ಲ. 106 ತೋರಿಸಿತು! ಮನುಷ್ಯನಾದರೆ ಬಡಬಡಿಸುವ ಜ್ವರ. ನಾನು ಬಡಬಡಿಸುತ್ತಾ ಪಶುವೈದ್ಯೆಗೆ ಫೋನು ಮಾಡಿ, ನಿದ್ದೆಯಿಂದ ಎಬ್ಬಿಸಿ, ದಿವಾನರು ಕೊನೆಯುಸಿರು ಎಳೆಯುತ್ತಿದ್ದಾರೆ ಎಂದೆ. ಆ ಹುಡುಗಿ ನನ್ನ ಹಳೇ ವಿದ್ಯಾರ್ಥಿನಿ. ಆಕಳಿಸಿ, ಬಹಳ ವಿನಯದಿಂದ ಹೇಳಿದಳು: “ಸರ್, ಹಕ್ಕಿಗಳ ಮೈಬಿಸಿ ಸುಮಾರು 41 ಡಿಗ್ರಿ ಸೆಲ್ಸಿಯಸ್. 106 ಫ್ಯಾರನ್‌ಹೀಟ್ ಅಂದ್ರೆ ಅಷ್ಟೇ ಅಲ್ವಾ? ನೀವೇ ಹೇಳಿಕೊಟ್ಟಿದ್ರಿ, ಎಂಟನೇ ಕ್ಲಾಸಲ್ಲಿ.” ಮನೆಯಲ್ಲಿರುವ ಥರ್ಮಾಮೀಟರು ಅದೊಂದೇ. ಅಂದಿನಿಂದ ನಮ್ಮಲ್ಲಿ ಯಾರಿಗೂ ಜ್ವರ ಬಂದಿಲ್ಲ. ಬಂದರೂ ಹೇಳುವುದಿಲ್ಲ.

“ಬೆಳಿಗ್ಗೆ ಕರ್ಕೊಂಡು ಬನ್ನಿ ಸರ್. ರೆಕ್ಕೆ ಅಮುಕಿ ಕಂಕುಳಲ್ಲಿ ಇಟ್ಕೊಳ್ಳಿ, ತಲೆ ನಿಮ್ಮ ಬೆನ್ನ ಹಿಂದಕ್ಕೆ ಬರಲಿ. ಆಗ ಮುಖಕ್ಕೆ ಕಚ್ಚಲ್ಲ” ಎಂದಳು ಡಾಕ್ಟರಮ್ಮ. ಪೇಟೆಯ ಆಸ್ಪತ್ರೆ, ನಾಲ್ಕು ಜನ ಗುರುತಿನವರು ಸಿಗುತ್ತಾರೆ ಎಂದು ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟೆ. ತಲೆ ಹಿಂದಕ್ಕೆ ಹೋದರೆ ಇನ್ನೊಂದು ತುದಿ ಮುಂದಕ್ಕೆ ಬರುತ್ತದೆ ಎಂಬ ರೇಖಾಗಣಿತ ಆಟೋ ಹತ್ತುವವರೆಗೂ ಹೊಳೆಯಲಿಲ್ಲ. ಹುಲ್ಲು ಮೇಯುವ ಹೆಬ್ಬಾತು ತಾನು ತಿಂದದ್ದನ್ನು ಗಂಟೆಗೆ ನಾಲ್ಕೈದು ಸಲ ಭೂಮಿಗೆ ಹಿಂತಿರುಗಿಸುತ್ತದೆ. ಅಂದು ಭೂಮಿಗೂ ಅದಕ್ಕೂ ನಡುವೆ ನನ್ನ ಪಂಚೆ ಇತ್ತು. ಪೇಟೆ ತಲುಪುವಷ್ಟರಲ್ಲಿ ಪಂಚೆಯ ಮುಂಭಾಗದಲ್ಲಿ ಮಲೆನಾಡಿನ ಸಮಗ್ರ ಹಸಿರು ಮೂಡಿತ್ತು. ಬೆನ್ನ ಹಿಂದಿನ ತುದಿಯೂ ಸುಮ್ಮನಿರಲಿಲ್ಲ. ಆಸ್ಪತ್ರೆಯ ಸಾಲಿನಲ್ಲಿ ನನ್ನ ಹಿಂದೆ ಎಮ್ಮೆ ಹಿಡಿದು ನಿಂತಿದ್ದವರು ಎರಡು ಸಲ ಸಹಿಸಿ, ಮೂರನೆಯ ಸಲ, “ಮೇಷ್ಟ್ರೇ, ದಯಮಾಡಿ ನನ್ನ ಕಡೆ ಬೆನ್ನು ಮಾಡ್ಬೇಡಿ ಮಾರಾಯ್ರೇ” ಎಂದರು. ತಿರುಗಿ ನಿಂತೆ. ಈಗ ಪಂಚೆ ಅವರ ಕಡೆಗಾಯಿತು. ಅವರು ಎಮ್ಮೆಯ ಆಚೆ ಮಗ್ಗುಲಿಗೆ ಹೋದರು.

ಮುಂದಿನದು ತೂಕ. ದಿವಾನರು ತಕ್ಕಡಿಯ ಮೇಲೆ ನಿಲ್ಲುವುದಿಲ್ಲ ಎಂದು, ಹಿಂಡಿ ಮೂಟೆ ತೂಗುವ ತಕ್ಕಡಿಯ ಮೇಲೆ ನಾನು ಅವರನ್ನು ಎತ್ತಿಕೊಂಡು ನಿಲ್ಲುವುದು, ಆಮೇಲೆ ನಾನೊಬ್ಬನೇ ನಿಲ್ಲುವುದು, ಕಳೆಯುವುದು ಎಂದಾಯಿತು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಸಹಾಯಕರು ಪ್ರತಿ ಅಂಕಿಯನ್ನೂ ಒಳಗಿದ್ದ ಡಾಕ್ಟರಮ್ಮನಿಗೆ ಕೇಳುವಂತೆ ಕೂಗಿದರು. “ಇಬ್ರೂ ಸೇರಿ ತೊಂಬತ್ತೊಂದು!” ಸಾಲಿನಲ್ಲಿದ್ದವರೆಲ್ಲ ತಲೆಯೆತ್ತಿದರು. “ಮೇಷ್ಟ್ರು ಒಬ್ರೇ ಎಂಬತ್ನಾಲ್ಕೂವರೆ!” ಯಾರೋ ಸಣ್ಣಗೆ ಶಿಳ್ಳೆ ಹೊಡೆದರು. ಡಾಕ್ಟರಮ್ಮ ಹೊರಗೆ ಬಂದು, “ಆರೂವರೆ ಕೆಜಿ. ಐದರ ಹತ್ರ ಇರ್ಬೇಕಿತ್ತು. ತೂಕ ಇಳಿಸ್ಲೇಬೇಕು” ಎಂದಳು. ಯಾರಿಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳೂ ಬಿಡಿಸಿ ಹೇಳಲಿಲ್ಲ.

ಆಮೇಲೆ ದಿವಾನರ ಬಲಗಾಲನ್ನು ಮಗುಚಿ ತೋರಿಸಿದಳು. ಹದಿನೆಂಟು ವರ್ಷ ಜೊತೆಗಿದ್ದೂ ಅವರ ಅಂಗಾಲನ್ನು ನಾನು ನೋಡಿರಲಿಲ್ಲ. ಕಿತ್ತಳೆ ಬಣ್ಣದ ಚರ್ಮ, ಮೇಲೆ ಸಣ್ಣ ಸಣ್ಣ ಹರಳು ಹರಳಾದ ಉಬ್ಬು. ಬೆರಳುಗಳು ಕೂಡುವ ಮೆತ್ತೆಯ ನಟ್ಟನಡುವೆ ಬಟಾಣಿ ಗಾತ್ರದ ಕಪ್ಪು ಹಕ್ಕಳೆ. ಅದರ ಸುತ್ತ ಕೆಂಪು ಬಾವು. ಬೆರಳು ಸೋಕಿದರೆ ಸಾಕು, ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಬಂಬಲ್‌ಫುಟ್ ಅಂತ ಇದರ ಹೆಸರು ಎಂದಳು. ಗಟ್ಟಿ ನೆಲದ ಮೇಲೆ ಭಾರದ ಮೈ ಹೊತ್ತು ನಡೆದು ನಡೆದು ಅಂಗಾಲು ಒಡೆಯುತ್ತದೆ, ಒಡೆದ ಕಡೆಯಿಂದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಒಳಹೊಕ್ಕು ಕೀವು ಕಟ್ಟುತ್ತದೆ. “ಅಂಗಳಕ್ಕೆ ಸಿಮೆಂಟು ಯಾವಾಗ ಹಾಕ್ಸಿದ್ದು ಸರ್?” ಅಡಿಕೆ ಒಣಗಿಸಲೆಂದು ನಾನೇ ನಿಂತು ಹಾಕಿಸಿದ್ದೆ, ನುಣ್ಣಗೆ, ಪಾಲಿಶ್ ಮಾಡಿಸಿ. “ದಿನಾ ದೋಸೆ ಹಾಕೋದು ಯಾರು?” ನಾನು ಎಮ್ಮೆಯ ಕಡೆ ನೋಡಿದೆ.

ಗಂಟು ಸವೆದಿದೆ, ಎಡಗಣ್ಣಿಗೆ ಪೊರೆ ಬಂದಿದೆ ಎಂಬ ಉಪಪಟ್ಟಿಯೂ ಹೊರಬಿತ್ತು. ಗಂಟು ನೋವು ಎಂದ ತಕ್ಷಣ ನನಗೆ ಉತ್ಸಾಹ ಬಂತು. ಆ ವಿಷಯದಲ್ಲಿ ನಾನು ಸ್ವಂತ ಅನುಭವವುಳ್ಳವನು. ಜೇಬಿನಿಂದ ನನ್ನ ಮಂಡಿನೋವಿನ ಡೈಕ್ಲೊಫೆನಾಕ್ ಮಾತ್ರೆಯ ಪಟ್ಟಿ ತೆಗೆದು, “ಅರ್ಧ ಮಾತ್ರೆ ಕೊಡ್ಲಾ?” ಎಂದೆ. ಡಾಕ್ಟರಮ್ಮನ ಮುಖದಲ್ಲಿ ವಿನಯ ಮಾಯವಾಯಿತು. ದನಕ್ಕೆ ಕೊಟ್ಟ ಇದೇ ಮದ್ದು, ಸತ್ತ ದನ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದ ರಣಹದ್ದು ಸಂತತಿಯನ್ನೇ ಅಳಿವಿನ ಅಂಚಿಗೆ ತಂದದ್ದು, 2006ರಲ್ಲಿ ಸರ್ಕಾರ ಪಶುಗಳಿಗೆ ಇದನ್ನು ನಿಷೇಧಿಸಿದ್ದು, ಮನುಷ್ಯರ ಮಾತ್ರೆ ಹಕ್ಕಿಯ ಬಾಯಿಗೆ ಹಾಕಲೇಬಾರದು ಎನ್ನುವುದು, ಎಲ್ಲವನ್ನೂ ಬೆತ್ತವಿಲ್ಲದೆ ಪಾಠ ಮಾಡಿದಳು. ನಾನು ಎರಡೂ ಕೈ ಕಟ್ಟಿ ನಿಂತು ಕೇಳಿದೆ. ಎಮ್ಮೆಯವರೂ ಕೈ ಕಟ್ಟಿದರು. ಬದಲಿಗೆ ಮೆಲಾಕ್ಸಿಕಾಮ್ ಎಂಬ ಹನಿಮದ್ದು, ಗಾಯಕ್ಕೆ ಮುಲಾಮು, ಮೆತ್ತನೆ ಹಾಸು, ದೋಸೆ ಬಂದ್, ಹುಲ್ಲು ಕಡ್ಡಾಯ. ಮತ್ತೆ ದಿನಾ ಉಗುರುಬೆಚ್ಚಗಿನ ನೀರಿಗೆ ಎಪ್ಸಮ್ ಉಪ್ಪು ಹಾಕಿ ಹದಿನೈದು ನಿಮಿಷ ಪಾದ ನೆನೆಸಬೇಕು.

ಹದಿನೈದು ನಿಮಿಷ! ಸುಖವಾಗಿ ಕೂತಿರುವ ನಿಮಗೆ ಅದು ಒಂದು ಕಾಫಿಯ ಹೊತ್ತು. ಬಚ್ಚಲುಮನೆಯಲ್ಲಿ ದೊಡ್ಡ ಬೋಗುಣಿ ಇಟ್ಟು, ಹಂಡೆಯ ನೀರು ಬೆರೆಸಿ, ಉಪ್ಪು ಕರಗಿಸಿ ದಿವಾನರನ್ನು ಇಳಿಸಿದೆ. ಅವರು ಹತ್ತಿಕೊಂಡರು. ಮತ್ತೆ ಇಳಿಸಿದೆ. ರೆಕ್ಕೆಯಿಂದ ಕೆನ್ನೆಗೆ ಬಿತ್ತು. ಕೊನೆಗೆ ನಾನೇ ಪಂಚೆ ಎತ್ತಿ ಕಟ್ಟಿ, ಬೋಗುಣಿಯೊಳಗೆ ಕಾಲಿಟ್ಟು, ಮಣೆಯ ಮೇಲೆ ಕೂತು, ಅವರನ್ನು ಮಂಡಿಗಳ ನಡುವೆ ಒತ್ತಿ ಹಿಡಿದೆ. ಇಬ್ಬರೂ ಎದುರುಬದುರಾಗಿ ಪಾದ ನೆನೆಸುತ್ತಾ ಕೂತೆವು. ಅವರು ಶಾಂತರಾದರು. ಕತ್ತು ಬಗ್ಗಿಸಿ ನೀರು ಕುಡಿದರು. ಪಾಪ, ಬಾಯಾರಿದೆ ಎಂದು ನಾನು ತಲೆ ಸವರಿದೆ. ಇನ್ನಷ್ಟು ಕುಡಿದರು. ಎಪ್ಸಮ್ ಉಪ್ಪು ಅಂದರೆ ಮೆಗ್ನೀಷಿಯಮ್ ಸಲ್ಫೇಟು. ಹೊಟ್ಟೆಗೆ ಹೋದರೆ ಅದು ಭೇದಿಯ ಮದ್ದು. ಇದನ್ನು ನಾನು ತಲೆತಲಾಂತರದ ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ಬರೆದು ಕಲಿಸಿದ್ದೇನೆ. ಅಂದು ದಿವಾನರು ಪ್ರಯೋಗದ ಮೂಲಕ ನನಗೆ ಕಲಿಸಿದರು. ಹೊರಗಿನಿಂದ ಹೆಂಡತಿ, “ರೀ, ಎಂತದು ಸದ್ದು?” ಎಂದಳು. ಬಾಗಿಲು ತೆಗೆದು, ಗೋಡೆ ನೋಡಿ, ನನ್ನನ್ನು ನೋಡಿ, ಬಾಗಿಲು ಹಾಕಿಕೊಂಡು, ಹೊರಗಿನಿಂದ ಚಿಲಕವನ್ನೂ ಹಾಕಿದಳು. ಪಾದ ನೆನೆಸುವ ಮುಂಚೆ ಕುಡಿಯುವ ನೀರು ಬೇರೆ ಇಡಿ ಎಂಬ ಉಪದೇಶವನ್ನು ನನ್ನಿಂದ ಉಚಿತವಾಗಿ ತೆಗೆದುಕೊಳ್ಳಿ. ನನಗೆ ಅದು ಸುಣ್ಣ ಬಳಿಯುವವರ ಕೂಲಿಗೆ ಬಿತ್ತು.

ಇನ್ನು ಪಟ್ಟಿ. ನಾನು ಕಟ್ಟಿದ ಪಟ್ಟಿಯನ್ನು ದಿವಾನರು ಕೊಕ್ಕಿನಿಂದ ಎಳೆ ಎಳೆಯಾಗಿ ಬಿಚ್ಚಿ ತುಳಸಿಕಟ್ಟೆಗೆ ಹೊದಿಸುತ್ತಿದ್ದರು. ಮೇಲೊಂದು ಕಾಲುಚೀಲ ಹಾಕಿದರೆ ನಿಲ್ಲಬಹುದು ಎನ್ನಿಸಿ ಪೇಟೆಯ ಬಟ್ಟೆ ಅಂಗಡಿಗೆ ಹೋದೆ. ಗಲ್ಲಾದಲ್ಲಿದ್ದ ಹುಡುಗ, ಹಳೇ ವಿದ್ಯಾರ್ಥಿಯೇ, ಎದ್ದು ನಿಂತ. “ಮಕ್ಕಳ ಸಾಕ್ಸ್ ಕೊಡಪ್ಪ, ಮೆತ್ತಂದು.” “ಮೊಮ್ಮಗುವಿಗಾ ಸಾರ್? ಎಷ್ಟು ವಯಸ್ಸು?” ಯೋಚಿಸದೆ, “ಹದಿನೆಂಟು” ಎಂದೆ. ಹುಡುಗನ ಕೈ ಡಬ್ಬದ ಮೇಲೆ ನಿಂತಿತು. ಸರಿಪಡಿಸಲು ಹೋಗಿ, “ಪಾದ ಸ್ವಲ್ಪ ಅಗಲ. ಬೆರಳ ಮಧ್ಯ ಚರ್ಮ ಕೂಡ್ಕೊಂಡಿದೆ” ಎಂದೆ. “ನಡೀತಾರಾ ಸಾರ್?” ಎಂದ ಮೆಲ್ಲಗೆ. “ಕುಂಟ್ತಾರೆ. ಈಜೋದು ಚೆನ್ನಾಗಿ ಈಜ್ತಾರೆ.” ಅವನ ಕಣ್ಣಲ್ಲಿ ನೀರಾಡಿತು. ದುಡ್ಡು ತೆಗೆದುಕೊಳ್ಳಲೇ ಇಲ್ಲ. ವಾರ ಕಳೆಯುವುದರೊಳಗೆ ಊರ ದೇವಸ್ಥಾನದಲ್ಲಿ ನನ್ನ ಮೊಮ್ಮಗನ ಹೆಸರಲ್ಲಿ ಯಾರೋ ಅರ್ಚನೆ ಮಾಡಿಸಿದ್ದಾರೆ ಎಂದು ಭಟ್ಟರು ಪ್ರಸಾದ ಕಳಿಸಿದರು. ನನಗೆ ಮೊಮ್ಮಗನಿಲ್ಲ. ಪ್ರಸಾದವನ್ನು ದಿವಾನರೇ ತಿಂದರು.

ಮಳೆ ಹಿಡಿಯಿತು. ಮೆತ್ತನೆ ಹಾಸು ಎಂದರೆ ಒಣಹುಲ್ಲು. ಆದರೆ ಹುಲ್ಲಿಗೆ ಬೂಸ್ಟು ಬಂದರೆ ಅದರ ಕಣಗಳು ಹಕ್ಕಿಯ ಶ್ವಾಸಕೋಶಕ್ಕೆ ಹೋಗಿ ಆಸ್ಪರ್ಜಿಲೋಸಿಸ್ ಆಗುತ್ತದೆ, ಅದು ಬಂದರೆ ಬಹಳ ಕಷ್ಟ ಎಂದು ಡಾಕ್ಟರಮ್ಮ ಎಚ್ಚರಿಸಿದ್ದಳು. ತೀರ್ಥಹಳ್ಳಿ ಸೀಮೆಯಲ್ಲಿ ಆಷಾಢದಲ್ಲಿ ಬೂಸ್ಟು ಬರದೇ ಇರುವ ವಸ್ತು ಯಾವುದು ಹೇಳಿ? ಚಪ್ಪಲಿ, ಬೆಲ್ಟು, ಪಂಚಾಂಗ, ಗೋಡೆಯ ಮೇಲಿನ ಅಜ್ಜನ ಫೋಟೋ, ಎಲ್ಲಕ್ಕೂ ಗಡ್ಡ ಬೆಳೆದಿತ್ತು. ಮನೆಯಲ್ಲಿ ಬೆಚ್ಚಗೆ, ಒಣಗಿ, ಮೆತ್ತಗಿದ್ದ ಜಾಗ ಒಂದೇ, ನನ್ನ ಹಾಸಿಗೆ. ಒಂದು ರಾತ್ರಿಯ ಮಟ್ಟಿಗೆ ಎಂದು ಪ್ಲಾಸ್ಟಿಕ್ಕು ಹಾಸಿ, ಮೇಲೆ ಹಳೇ ಕಂಬಳಿ ಹೊದಿಸಿ ಕೂರಿಸಿದೆ. ಒಂದು ರಾತ್ರಿ ಶ್ರಾವಣದವರೆಗೆ ನಡೆಯಿತು. ನಾನು ಜಗಲಿಯಲ್ಲಿ ಚಾಪೆ ಹಾಸಿಕೊಂಡೆ. ಹೆಂಡತಿ ಅಡುಗೆಮನೆ ಪಕ್ಕದ ಕೋಣೆಗೆ ಹೋಗಿ ಒಳಗಿನಿಂದ ಅಗುಳಿ ಹಾಕಿಕೊಂಡಳು. ಮಧ್ಯರಾತ್ರಿ ನನಗೆ ಚಳಿಯಾಗಿ ಹೊದಿಕೆ ತರಲು ಒಳಗೆ ಕಾಲಿಟ್ಟರೆ, ಇಷ್ಟು ವರ್ಷ ಮಂಗಗಳ ಮುಂದೆ ಅಡಗಿಸಿಟ್ಟಿದ್ದ ಶೌರ್ಯವನ್ನೆಲ್ಲ ದಿವಾನರು ಒಮ್ಮೆಗೇ ತೋರಿಸಿ ನನ್ನನ್ನು ನನ್ನ ಕೋಣೆಯಿಂದ ಅಟ್ಟಿದರು. ನೆಲದ ಮೇಲೆ ಮಲಗಿ ಮಲಗಿ ನನ್ನ ಮಂಡಿ ಬಾತಿತು. ಅವರ ಗಾಯ ಮಾತ್ರ ಮಾಯಲು ಹತ್ತಿತು.

ಮಳೆ ಬಿಟ್ಟ ಮೇಲೆ ಪಥ್ಯದ ಸಮಸ್ಯೆ. ದೋಸೆ ನಿಂತದ್ದಕ್ಕೆ ದಿವಾನರು ಅಸಹಕಾರ ಚಳವಳಿ ಹೂಡಿ, ಗರಿಕೆಯ ಮುಂದೆ ಬೆನ್ನು ಮಾಡಿ ನಿಂತರು. ಹೆಬ್ಬಾತು ಗುಂಪಿನ ಜೀವಿ, ಜೊತೆಯವರು ಮೇಯ್ದರೆ ತಾನೂ ಮೇಯುತ್ತದೆ. ಇವರ ಜೋಡಿ ಹೋದ ವರ್ಷ ತೀರಿಕೊಂಡಿತ್ತು, ಒಂದು ಸಲ ಜೋಡಿಯಾದವರು ಸುಲಭಕ್ಕೆ ಮತ್ತೊಬ್ಬರನ್ನು ಒಪ್ಪುವವರೂ ಅಲ್ಲ. “ನೀವೇ ಸ್ವಲ್ಪ ಜೊತೆಗಿದ್ದು ಹುರಿದುಂಬಿಸಿ ಸರ್” ಎಂದಿದ್ದಳು ಡಾಕ್ಟರಮ್ಮ. ಮೊದಲು ಭಾಷಣ ಮಾಡಿ ನೋಡಿದೆ: “ದಿವಾನರೇ, ನಿಮ್ಮ ದಾಯಾದಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಪ್ರತಿ ಚಳಿಗಾಲ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರ್ತಾವೆ. ನಿಮಗೆ ಈ ಹಿತ್ತಲು ದಾಟಿ ಹುಲ್ಲಿನ ತನಕ ಬರಕ್ಕಾಗಲ್ವಾ?” ಅವರು ಕಣ್ಣು ಮುಚ್ಚಿದರು. ಬೇರೆ ದಾರಿ ಕಾಣದೆ ನಾಲ್ಕೂ ಕಾಲೂರಿ, ಅಂದರೆ ನನಗಿರುವಷ್ಟನ್ನು ಊರಿ, ಬಗ್ಗಿ ಗರಿಕೆಗೆ ಬಾಯಿ ಹಾಕಿದೆ. “ಆಹಾ, ಏನು ರುಚಿ!” ಎಂದೆ. ದಿವಾನರು ಒಂದು ಹೆಜ್ಜೆ ಹತ್ತಿರ ಬಂದರು. ಇನ್ನೊಂದು ಬಾಯಿ ಕಿತ್ತೆ. ಆಗ ಬೇಲಿಯ ಹತ್ತಿರ ಸೈಕಲ್ಲು ನಿಂತ ಸದ್ದಾಯಿತು. ನವೆಂಬರ್ ತಿಂಗಳು. ಪಿಂಚಣಿದಾರರು ಬದುಕಿದ್ದಾರೆ ಎಂಬ ಜೀವನ ಪ್ರಮಾಣ ಪತ್ರ ಮಾಡಿಸಿಕೊಡಲು ಅಂಚೆಯವರು ಬೆರಳಚ್ಚಿನ ಯಂತ್ರ ಹಿಡಿದು ಬಂದಿದ್ದರು. ಬಾಯಿಂದ ಹುಲ್ಲು ಇಳಿಬಿದ್ದಿರುವಾಗಲೇ ಬಲಗೈ ಹೆಬ್ಬೆರಳು ಒತ್ತಿದೆ. ಅವರು ಯಂತ್ರ ಚೀಲಕ್ಕೆ ಹಾಕಿಕೊಂಡು, “ಬದುಕಿದ್ದೀರಿ ಅಂತ ಆಯ್ತು ಸಾರ್. ಉಳಿದದ್ದನ್ನ ಫಾರಂನಲ್ಲಿ ಕೇಳಿಲ್ಲ” ಎಂದು ಹೊರಟರು. ಅಷ್ಟೂ ಹೊತ್ತು ದಿವಾನರು ಅವರನ್ನು ಅಟ್ಟದೆ, ನನ್ನ ಪಕ್ಕ ನಿಂತು ನೆಮ್ಮದಿಯಾಗಿ ಮೇಯುತ್ತಿದ್ದರು.

ಇಲ್ಲಿಗೆ ನಿಲ್ಲಿಸಿದ್ದರೆ ಊರಲ್ಲಿ ನನ್ನ ಹೆಸರು ಅಲ್ಪಸ್ವಲ್ಪವಾದರೂ ಉಳಿಯುತ್ತಿತ್ತು. ಆದರೆ ಗಂಟಿಗೆ ಈಜು ಒಳ್ಳೆಯದು, ನೀರಿನಲ್ಲಿ ಕಾಲಿನ ಮೇಲೆ ಭಾರ ಬೀಳುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದು ನನ್ನೊಳಗಿನ ಆರ್ಕಿಮಿಡೀಸನನ್ನು ಎಬ್ಬಿಸಿತು. ಪಕ್ಕದ ತೋಟದವರದ್ದು ಒಂದು ಕೃಷಿಹೊಂಡ ಇತ್ತು. ನೀರು ಇಂಗದಂತೆ ತಳಕ್ಕೂ ಬದಿಗೂ ದಪ್ಪ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿದ ಇಳಿಜಾರಿನ ಹೊಂಡ. ಆ ವರ್ಷ ಎದೆಮಟ್ಟ ನೀರು ಉಳಿದಿತ್ತು. ಒಂದು ಸಂಜೆ ದಿವಾನರನ್ನು ಅಂಚಿನಲ್ಲಿ ಬಿಟ್ಟೆ. ಎಷ್ಟು ಕಾಲದ ಮೇಲೋ ಅಷ್ಟು ನೀರು ಕಂಡಿದ್ದರು. ಕುಂಟು ಮರೆತು ಜಾರಿ ಇಳಿದು, ನಡುಮಧ್ಯಕ್ಕೆ ಹೋಗಿ ತೇಲಿದರು. ನನಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅವರ ತಲೆ ಮುಳುಗಿತು. ಹೆಬ್ಬಾತು ಬಾಲದ ಬುಡದ ಗ್ರಂಥಿಯಿಂದ ಎಣ್ಣೆ ತೆಗೆದು ಗರಿಗೆ ಸವರಿಕೊಳ್ಳುತ್ತದೆ, ಬಹಳ ದಿನ ನೀರಿಗಿಳಿಯದ ಮುದಿ ಹಕ್ಕಿಯ ಗರಿ ಸುಸ್ಥಿತಿಯಲ್ಲಿರದೆ ನೀರು ಹೀರಿ ಭಾರವಾಗಬಹುದು ಎಂದು ಕೇಳಿದ್ದು ಆ ಕ್ಷಣಕ್ಕೇ ನೆನಪಾಗಬೇಕೇ? “ದಿವಾನರೇ!” ಎಂದು ಕೂಗಿ ಹಾರಿದೆ. ಹಾರಿದೆ ಅನ್ನುವುದು ನನ್ನ ಆತ್ಮಗೌರವಕ್ಕಾಗಿ. ನಡೆದದ್ದೇನೆಂದರೆ, ಹಾಳೆಯ ಮೇಲೆ ಕಾಲಿಟ್ಟೆ, ಉಳಿದದ್ದನ್ನು ಹಾಳೆಯೇ ನೋಡಿಕೊಂಡಿತು.

ತಲೆ ಎತ್ತಿ ನೋಡಿದರೆ ದಿವಾನರು ತಲೆ ಮುಳುಗಿಸಿ ಎತ್ತಿ, ಬೆನ್ನ ಮೇಲೆ ನೀರು ಚೆಲ್ಲಿಕೊಂಡು ಸ್ನಾನ ಮಾಡುತ್ತಿದ್ದರು. ಸರಿ, ಹೋಗೋಣ ಎಂದು ದಡ ಹತ್ತಲು ನೋಡಿದೆ. ಎರಡು ಹೆಜ್ಜೆ ಹತ್ತಿ, ಮೂರು ಹೆಜ್ಜೆ ಜಾರಿದೆ. ಮಂಡಿಯೂರಿ ಹತ್ತಿದೆ, ಹೊಟ್ಟೆಯ ಮೇಲೆ ಇಳಿದೆ. ಘರ್ಷಣೆಯ ಪಾಠವನ್ನು ಇಷ್ಟು ಮನಮುಟ್ಟುವಂತೆ ನಾನು ಯಾವ ತರಗತಿಯಲ್ಲೂ ಮಾಡಿರಲಿಲ್ಲ. ಯಾವುದೋ ಒಂದು ಸುತ್ತಿನಲ್ಲಿ ಪಂಚೆ ನನ್ನ ಜೊತೆ ಮೇಲೆ ಬರಲು ಒಪ್ಪದೆ ನೀರಿನಲ್ಲೇ ಉಳಿಯಿತು. ತಮ್ಮ ಸ್ನಾನದ ಕೊಳದಲ್ಲಿ ಅನ್ಯರು ಹೀಗೆ ಗಲಭೆ ಎಬ್ಬಿಸುವುದನ್ನು ಸಹಿಸದ ದಿವಾನರು ಕತ್ತು ನೆಟ್ಟಗೆ ಮಾಡಿ ಕೂಗಲು ಶುರು ಮಾಡಿದರು. ಏನು ಕಂಠ! ಲಿವಿ ಬರೆದದ್ದು ಸುಳ್ಳಲ್ಲ. ಅಡಿಕೆ ಕೊಯ್ಲಿನ ಕಾಲ, ನಾಲ್ಕು ತೋಟದಲ್ಲಿದ್ದ ಕೊನೆ ತೆಗೆಯುವವರೆಲ್ಲ ಕಳ್ಳ ಬಿದ್ದ ಎಂದು ದೋಟಿ ಹಿಡಿದು ಓಡಿ ಬಂದರು. ಬಂದು ನೋಡಿದರೆ ಕಳ್ಳನಲ್ಲ, ಮೇಷ್ಟ್ರು. ಅರ್ಧಕ್ಕರ್ಧ ಜನ ನನ್ನ ಶಾಲೆಯವರೇ. ಅಭ್ಯಾಸಬಲದಿಂದ ಒಬ್ಬ, “ನಮಸ್ಕಾರ ಸಾರ್” ಎಂದ. ನಾನು ಕುತ್ತಿಗೆಯವರೆಗೆ ನೀರಿಗಿಳಿದು, “ನಮಸ್ಕಾರ, ಎಲ್ಲಾ ಆರಾಮಾ?” ಎಂದೆ. ಕೊನೆ ಇಳಿಸುವ ಹಗ್ಗವನ್ನು ಸೊಂಟಕ್ಕೆ ಕಟ್ಟಿಸಿ, “ಎಂಬತ್ನಾಲ್ಕೂವರೆ ಕೆಜಿ ಇದ್ದಾರೆ, ಗಟ್ಟಿ ಹಿಡ್ಕೊಳ್ರೋ!” ಎಂದು ಮೇಲಿನಿಂದ ಯಾರೋ ಎಚ್ಚರಿಸಿದರು. ಆಸ್ಪತ್ರೆಯ ಅಂಕಿ ತೋಟದ ತನಕ ತಲುಪಿತ್ತು. ಅವರು ಎಳೆಯುವಾಗ ಹೊಂಡದ ಆಚೆ ಮೂಲೆಗೆ ನನ್ನ ಕಣ್ಣು ಹೋಯಿತು. ನಾಯಿ, ಮುಂಗುಸಿ ಬಿದ್ದರೆ ಹತ್ತಿ ಹೋಗಲಿ ಎಂದು ತೋಟದವರು ಅಲ್ಲಿ ಗೋಣಿತಾಟು ಹಾಸಿದ್ದರು. ಪೊರೆ ಬಂದ ಕಣ್ಣಿನ ದಿವಾನರು ಆ ಗೋಣಿಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟು, ಕುಂಟದೆ, ಮೈ ಕೊಡವಿ ದಡ ಸೇರಿದರು.

ನನ್ನ ಕಾಲು ಉಳುಕಿತ್ತು. ಡಾಕ್ಟರಮ್ಮ ಮನೆಗೇ ಬಂದು ದಿವಾನರನ್ನು ಪರೀಕ್ಷಿಸಿ, ಹಕ್ಕಳೆ ಉದುರಿ ಹೊಸ ಚರ್ಮ ಬಂದಿದೆ, ತೂಕವೂ ಇಳಿದಿದೆ, ನಡಿಗೆ ಭೇಷಾಗಿದೆ ಎಂದು ಮೆಚ್ಚಿದಳು. ಆಮೇಲೆ ಜಗಲಿಯಲ್ಲಿ ಬೋಗುಣಿಗೆ ಉಪ್ಪು ಹಾಕಿ ಕಾಲು ನೆನೆಸುತ್ತಾ ಕೂತಿದ್ದ ನನ್ನ ಕಡೆ ತಿರುಗಿ, “ಅದನ್ನ ಕುಡೀಬೇಡಿ ಸರ್” ಎಂದಳು. ಬಲಗಣ್ಣಿಗೂ ಪೊರೆ ಹರಡುತ್ತಿದೆಯಂತೆ. ಇನ್ನು ಮೇಲೆ ದಿವಾನರು ಕಣ್ಣಿಗಿಂತ ಕಿವಿಯನ್ನೇ ನೆಚ್ಚಬೇಕು, ಮನೆಯವರ ದನಿ ಅವರಿಗೆ ಚೆನ್ನಾಗಿ ಗುರುತು ಸಿಗುತ್ತದೆ, ಹತ್ತಿರ ಹೋಗುವಾಗ ಮಾತಾಡುತ್ತಾ ಹೋಗಿ, ಇಲ್ಲದಿದ್ದರೆ ಬೆಚ್ಚುತ್ತಾರೆ ಎಂದಳು.

ಅಂದಿನಿಂದ ನಾನು ವಂದಿಮಾಗಧನ ಕೆಲಸಕ್ಕೆ ಸೇರಿದ್ದೇನೆ. ಹಿತ್ತಲಲ್ಲಿ, ಅಂಗಳದಲ್ಲಿ, ಕೊಟ್ಟಿಗೆಯ ಹತ್ತಿರ, ಎಲ್ಲಿ ಕಾಲಿಟ್ಟರೂ ಗಟ್ಟಿಯಾಗಿ ಒದರುತ್ತಲೇ ಇರಬೇಕು: “ಬಂದೆ, ಬಂದೆ, ನಾನೇ ಬಂದೆ, ಎಡಗಡೆ ಇದ್ದೇನೆ, ಈಗ ಬಲಗಡೆಗೆ ಬರ್ತಾ ಇದ್ದೇನೆ.” ನಾಲಿಗೆಗೆ ರೂಢಿಯಾಯಿತು. ಮೊನ್ನೆ ಸೊಸೈಟಿಯ ವಾರ್ಷಿಕ ಸಭೆಗೆ ಸ್ವಲ್ಪ ತಡವಾಗಿ ಹೋದೆ. ಅಧ್ಯಕ್ಷರು ಅಡಿಕೆ ಧಾರಣೆಯ ಬಗ್ಗೆ ಮಾತಾಡುತ್ತಿದ್ದರು, ಸಭೆಯೆಲ್ಲ ಗಂಭೀರವಾಗಿತ್ತು. ಬಾಗಿಲು ತಳ್ಳಿ ಒಳಗೆ ಬಂದವನೇ ರಾಗವಾಗಿ, “ಬಂದೆ, ಬಂದೆ, ನಾನೇ ಬಂದೆ, ಬಲಗಡೆ ಇದ್ದೇನೆ, ಹೆದರ್ಬೇಡಿ, ಕಚ್ಚಬೇಡಿ” ಎಂದುಬಿಟ್ಟೆ.

ಅಧ್ಯಕ್ಷರು ಮೈಕಿನಿಂದ ಬಾಯಿ ತೆಗೆಯದೆ, “ಇಲ್ಲ ಮೇಷ್ಟ್ರೇ, ಯಾರೂ ಕಚ್ಚಲ್ಲ. ದಿವಾನರು ಹೇಗಿದ್ದಾರೆ?” ಎಂದರು.